ಬೆರಳು ಇಳಿಯುವವರೆಗೆ

ಇಲಿ ಕಡಿದದ್ದು ಗಿಟಾರಿನ ಸದ್ದು ಹಿಗ್ಗಿಸುವ ಆಂಪಿನ ಮುಂದಿನ ಬಟ್ಟೆಯ ಒಂದು ಮೂಲೆಯನ್ನು, ಎರಡು ಬೆರಳಗಲದಷ್ಟು. ಅಷ್ಟಕ್ಕೇ ಅವನು ಬೆಳಗಿನಿಂದ ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದ. ಟೀ ಆರಿದೆ ಎಂದ, ಸ್ಕ್ರೂಡ್ರೈವರ್ ಯಾರು ಮುಟ್ಟಿದರು ಎಂದ, ಭಾನುವಾರವೂ ಈ ಬೀದಿಯವರಿಗೆ ಸ್ಕೂಟರ್ ಯಾಕೆ ಬೇಕು ಎಂದ. ಹೆಂಡತಿ ಆರಿದ ಟೀಯನ್ನೇ ಒಯ್ದು ಬಿಸಿ ಮಾಡಿ ತಂದಿಟ್ಟು ಹೋದಳು. ಸಿಟ್ಟು ಇಲಿಯ ಮೇಲಿನದಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇವತ್ತು ಮೂರನೆಯ ಭಾನುವಾರ. ಹನ್ನೆರಡು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸದ ಕಂಪೌಂಡರ್ ಕಳೆದ ಎರಡು ವಾರ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತೂ ಬರದಿದ್ದರೆ ಇನ್ನೆಂದೂ ಬರುವುದಿಲ್ಲ ಎಂದು ಒಳಗೆ ಏನೋ ಹೇಳುತ್ತಿತ್ತು. ಬರದಿದ್ದರೆ ಬಿಡಲಿ, ಯಾರಿಗೇನು ಎಂದು ಅವನು ಅದಕ್ಕೆ ಬೆಳಗಿನಿಂದ ಹತ್ತು ಸಲ ಉತ್ತರ ಕೊಟ್ಟಿದ್ದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಕೆಲಸ. ವಾರದ ಆರು ದಿನ ಅಲ್ಲಿ ಗ್ರೈಂಡರ್ ಚೀರುತ್ತದೆ, ಸುತ್ತಿ ಮುಗಿಸಿದ ಮೋಟಾರು ಮೇಜಿಗೆ ಬಿಗಿಸಿಕೊಂಡು ಅರಚುತ್ತದೆ, ವಾರ್ನಿಷಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತದೆ. ಭಾನುವಾರ ಸಂಜೆ ನಾಲ್ಕಕ್ಕೆ ಮಾತ್ರ ಮೋಟಾರುಗಳೆಲ್ಲ ಮೂಲೆ ಸೇರಿ ನಾಲ್ಕು ಸ್ಟೂಲು, ಎರಡು ಗಿಟಾರು, ಮೇಜಿನ ಮೇಲೆ ಆಂಪು. ಅವನು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಬಸ್ಸಿನ ಡ್ರೈವರ್, ದವಾಖಾನೆಯ ಕಂಪೌಂಡರ್. ನಾಲ್ವರಲ್ಲಿ ಒಬ್ಬನೂ ಹೇಳಿಕೊಳ್ಳುವಂಥ ವಾದಕನಲ್ಲ. ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ನುಡಿಸಿ ಎಂದರೆ ಮುಖ ಮುಖ ನೋಡಿಕೊಳ್ಳುವವರು. ಆದರೆ ಒಂದೇ ತಂತಿಯನ್ನು ಒಂದೇ ಸಲ ಮೀಟಿ ಅದರ ಬಗ್ಗೆ ಎರಡು ಗಂಟೆ ಜಗಳವಾಡಿ ಎಂದರೆ ಊಟ ಬಿಟ್ಟು ಕೂರುವವರು. ಆಂಪಿನ ಗಾಜಿನ ವಾಲ್ವು ಬಿಸಿಯಾಗಲು ಎಷ್ಟು ಹೊತ್ತು ಬೇಕು, ಹಳೆಯ ಕೆಪಾಸಿಟರಿನಲ್ಲಿ ಇದ್ದದ್ದು ಹೊಸದರಲ್ಲಿ ಏಕಿಲ್ಲ, ಸದ್ದಿನ ಬಣ್ಣ ಬದಲಿಸಲು ಕಾಲಿಂದ ಒತ್ತುವ ಪೆಡಲುಗಳಲ್ಲಿ ಯಾವುದು ಮುಂದಿರಬೇಕು ಯಾವುದು ಹಿಂದಿರಬೇಕು, ಕೇಬಲ್ಲಿನ ಉದ್ದದಿಂದ ಸದ್ದು ಮಂಕಾಗುತ್ತದೋ ಇಲ್ಲವೋ. ಆಂಪನ್ನು ಕಟ್ಟಿದವನು ಅವನೇ. ಅದರ ಟ್ರಾನ್ಸ್‌ಫಾರ್ಮರನ್ನು ಕೈಯಿಂದಲೇ ಸುತ್ತಿದ್ದ, ಒಂದೊಂದು ಸುತ್ತನ್ನೂ ಎಣಿಸಿ. ಸ್ಪೀಕರನ್ನು ಡ್ರೈವರು ಮುಚ್ಚಿಹೋದ ಸಿನಿಮಾ ಟಾಕೀಸಿನಿಂದ ಬಸ್ಸಿನ ಸೀಟಿನಡಿ ಇಟ್ಟುಕೊಂಡು ತಂದಿದ್ದ. ಪೆಡಲುಗಳು ಕಂಪೌಂಡರನವು. ಮಾತ್ರೆಯ ತಗಡಿನ ಡಬ್ಬಿಗಳಲ್ಲಿ, ಗಾಯ ಹೊಲಿದಷ್ಟು ನಾಜೂಕಾಗಿ ಬೆಸುಗೆ ಹಾಕಿ ಅವನು ಮಾಡುತ್ತಿದ್ದ.

ಅವರಲ್ಲೊಂದು ಪದ್ಧತಿ ಇತ್ತು. ಒಬ್ಬ ತಂತಿ ಮೀಟಿದ ಕೂಡಲೇ ಎಲ್ಲರೂ ತೋರುಬೆರಳು ಎತ್ತಬೇಕು. ಸದ್ದು ಯಾರ ಕಿವಿಗೆ ಮುಗಿಯಿತೋ ಅವನು ಬೆರಳು ಇಳಿಸಬೇಕು. ಎಲ್ಲರ ಬೆರಳೂ ಇಳಿಯುವ ತನಕ ಯಾರೂ ಉಸಿರೆತ್ತುವಂತಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ಯಾವಾಗಲೂ ಅವನ ಬೆರಳು. ಮೊದಲ ವರ್ಷವೇ ಡ್ರೈವರು ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟ. ಈಗ ತಂತಿ ಮಾರುವ ಅಂಗಡಿಯವನೂ ಹಾಗೇ ಕರೆಯುತ್ತಾನೆ. ಹೊರಗೆ ಹುಸಿಮುನಿಸು ತೋರಿಸಿದರೂ ಆ ಹೆಸರು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಹೆಚ್ಚು ಒಗ್ಗಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟವನಿಗೆ, ಬೆರಳ ಸಂದಿಯಲ್ಲಿ ಸದಾ ವಾರ್ನಿಷ್ ಅಂಟಿರುವವನಿಗೆ, ಎಂ.ಎಸ್ಸಿ. ಓದಿದ ಮೇಷ್ಟ್ರು ಬಗ್ಗಿ "ಈಗ ಸರೀನಾ ಕಿವಿಯಣ್ಣ?" ಎಂದು ಕೇಳುವುದೆಂದರೆ ಸಣ್ಣ ವಿಷಯವೇ? ಅವನು ಕಣ್ಣು ಮುಚ್ಚಿ, ಚೂಪು ಸದ್ದನ್ನು ಏರಿಸುವ ಟ್ರೆಬಲ್ಲಿನ ನಾಬನ್ನು ಇನ್ನಷ್ಟು ತಿರುಗಿಸಿ, "ಈಗ ಸರಿ" ಎನ್ನುತ್ತಿದ್ದ. ನಾಬು ಹತ್ತರಲ್ಲಿ ಒಂಬತ್ತರ ಹತ್ತಿರ ಇರುತ್ತಿತ್ತು.

ಬಟ್ಟೆ ಬದಲಿಸಲು ಆಂಪಿನ ಮುಂದಿನ ಚೌಕಟ್ಟನ್ನು ಬಿಚ್ಚಬೇಕು. ವಾಲ್ವಾಗಲಿ ಟ್ರಾನ್ಸ್‌ಫಾರ್ಮರಾಗಲಿ ಏನಿದ್ದರೂ ಹಿಂದಿನಿಂದ ಕೈ ಹಾಕುವುದು. ಮುಂದಿನ ಚೌಕಟ್ಟನ್ನು ಅವನು ಕಟ್ಟಿದ ದಿನ ಹೊಡೆದದ್ದು, ಮತ್ತೆ ಮುಟ್ಟಿರಲಿಲ್ಲ. ಮೊಳೆಗಳು ಬಿಗಿಯಾಗಿದ್ದವು. ಕೀಳುತ್ತಾ ಮೂರು ವಾರದ ಹಿಂದಿನ ಆ ಭಾನುವಾರ ಮತ್ತೆ ನೆನಪಿಗೆ ಬಂತು. ಕಂಪೌಂಡರು ಎರಡು ವರ್ಷ ಒದ್ದಾಡಿ ಮಾಡಿದ ಪೆಡಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದ. ಒಗೆದು ಇಸ್ತ್ರಿ ಮಾಡಿದ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ಹೆಣ್ಣು ನೋಡಲು ಬಂದವನ ಹಾಗೆ. ತಾನೇ ಗಿಟಾರ್ ಹಿಡಿದು, ಪೆಡಲನ್ನು ಕಾಲಿಂದ ಒತ್ತಿ, ಒಂದು ತಂತಿ ಮೀಟಿ, ಬೆರಳೆತ್ತಿದ. ನಾಲ್ಕು ಬೆರಳೂ ಎದ್ದವು. ಸದ್ದು ಬಂತು, ತಗ್ಗಿತು, ಮುಗಿಯಿತು. ಕಿವಿಯಣ್ಣ ಬೆರಳಿಳಿಸಿದ. ಮೇಷ್ಟ್ರದೂ ಡ್ರೈವರದೂ ಇಳಿದವು, ಯಾಕೋ ಗಾಬರಿಯಲ್ಲಿ ಇಳಿದಂತೆ. ಕಂಪೌಂಡರನ ಬೆರಳು ಮಾತ್ರ ನಿಂತೇ ಇತ್ತು. ನಿಶ್ಶಬ್ದದಲ್ಲಿ, ಮುಖದ ಮೇಲೆ ಒಂದು ಸಣ್ಣ ನಗು ಹೊತ್ತುಕೊಂಡು, ಅವನೊಬ್ಬ ಬೆರಳೆತ್ತಿ ಕೂತಿದ್ದ. ಅದನ್ನು ನೋಡಿ ಕಿವಿಯಣ್ಣನಿಗೆ ಎಲ್ಲಿತ್ತೋ ಕೋಪ. ತನ್ನ ಕೂಸು ಎಂಬ ಮೋಹಕ್ಕೆ ಹೀಗೆ ಸುಳ್ಳು ಹೇಳುವುದೇ, ಅದೂ ನನ್ನೆದುರು? "ಇಳಿಸಪ್ಪ ಬೆರಳು, ಹೆಣ ಎತ್ತಿ ಆಯ್ತು" ಎಂದ. "ಎರಡು ವರ್ಷ ಕೂತು ಮಾಡಿದ್ದು ಇದಾ? ಇದು ಪೆಡಲ್ಲಲ್ಲ, ಕಂಬಳಿ. ಸದ್ದಿನ ಮೇಲೆ ಕಂಬಳಿ ಹೊದಿಸೋಕೆ ಇಷ್ಟು ಬೆಸುಗೆ ಯಾಕೆ ಬೇಕಿತ್ತು?" ಡ್ರೈವರು ಕಂಬಳಿ ಎಂಬ ಮಾತಿಗೆ ತಡೆಯಲಾರದೆ ನಕ್ಕ, ಮೂಗಿನಿಂದ ಟೀ ಬರುವಷ್ಟು. ಮೇಷ್ಟ್ರು ನೆಲ ನೋಡಿದರು. ಕಂಪೌಂಡರ್ ಬೆರಳನ್ನು ಮೆಲ್ಲಗೆ ಮಡಿಸಿಕೊಂಡ. ಆಮೇಲೆ ಪೆಡಲನ್ನು ಕರವಸ್ತ್ರದಲ್ಲಿ ಮೊದಲಿದ್ದ ಹಾಗೇ ಸುತ್ತಿದ, ಮೂಲೆಗೆ ಮೂಲೆ ಸೇರಿಸಿ. ಟೀ ಕುಡಿದೇ ಹೋದ. ಕುಡಿಯದೆ ಹೋಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಕೊನೆಯ ಮೊಳೆ ಬಂತು. ಚೌಕಟ್ಟನ್ನು ಎತ್ತಿ ತಿರುಗಿಸಿದವನು ಹಾಗೇ ನಿಂತ. ಬಟ್ಟೆಯ ಹಿಂಬದಿಯಲ್ಲಿ, ಸ್ಪೀಕರಿನ ನಡುಮಧ್ಯಕ್ಕೆ ಸರಿಯಾಗಿ ಬರುವಂತೆ, ಅಂಗೈಯಗಲದ ಒಂದು ದುಂಡು ಬಿಲ್ಲೆ. ಬೂದು ಬಣ್ಣ. ಮುಟ್ಟಿ ನೋಡಿದ. ಕಂಬಳಿ. ದವಾಖಾನೆಯ ಮಂಚದ ಮೇಲೆ ಹಾಸಿರುತ್ತಾರಲ್ಲ, ಅದೇ ಒರಟು ಕಂಬಳಿಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ನಾಲ್ಕು ಪದರ ಹಾಕಿ, ಗಾಯಕ್ಕೆ ಹಚ್ಚುವ ಬಿಳಿಯ ಪ್ಲಾಸ್ಟರಿನಿಂದ ಅಡ್ಡಡ್ಡ ಉದ್ದುದ್ದ ಅಂಟಿಸಿದ್ದರು. ಯಾರ ಕೈಕೆಲಸವೆಂದು ಕೇಳಬೇಕಾಗಿರಲಿಲ್ಲ. ರಕ್ತ ನೆತ್ತಿಗೇರಿತು. ಕಂಬಳಿ ಅಂದೆಯಲ್ಲ, ತಗೋ, ನಿನ್ನ ಆಂಪಿನ ಬಾಯಿಗೂ ಕಂಬಳಿ. ಹೀಗಾ? ಅವನು ಬಿಲ್ಲೆಯನ್ನು ಕಿತ್ತು ಜೇಬಿಗೆ ತುರುಕಿ, ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕದೆ, ಚಪ್ಪಲಿ ಮೆಟ್ಟಿ ಹೊರಟ. "ಎಲ್ಲಿಗ್ರೀ?" ಎಂದಳು ಹೆಂಡತಿ. "ಸಾಯೋಕೆ" ಎಂದ.

ಬೀದಿ ಬಿಸಿಲಿಗೆ ಬೆಳ್ಳಗಾಗಿತ್ತು. ಪಕ್ಕದ ಮನೆಯ ಹುಡುಗಿ ಸೈಕಲ್ಲಿನ ಬೆಲ್ಲು ಹೊಡೆಯುತ್ತಾ ಬೆನ್ನಿಗೇ ಬಂದು, ಕೊನೆಗೆ "ಮಾವ, ಪಕ್ಕಕ್ಕೆ" ಎಂದು ಕೂಗಿ ಹಾರಿಹೋದಳು. ಈಗಿನ ಬೆಲ್ಲುಗಳೂ ಹಾಗೇ, ಹೊಡೆದರೆ ಸದ್ದೇ ಬರುವುದಿಲ್ಲ ಎಂದುಕೊಂಡ. ಈಗಿನ ಯಾವ ವಸ್ತು ತಾನೇ ಸರಿಯಿದೆ. ಹೋದ ಚಳಿಗಾಲ ಮಗಳಿಗೆ ಜ್ವರ ಬಂದಾಗ ಕೊಂಡುತಂದ ಥರ್ಮಾಮೀಟರು ಜ್ವರ ಅಳೆದಾದ ಮೇಲೆ ಪೀಂ ಎನ್ನಬೇಕಂತೆ. ಅವಳ ಕಂಕುಳಲ್ಲಿಟ್ಟು ಹತ್ತು ನಿಮಿಷ ಹಿಡಿದು ಕೂತ, ಏನೂ ಅನ್ನಲಿಲ್ಲ. ನಿದ್ದೆಗಣ್ಣಿನ ಮಗಳು "ಅಪ್ಪ, ಸಾಕು, ಆಯ್ತು" ಎನ್ನುತ್ತಲೇ ಇದ್ದಳು. "ಅದು ಹೇಳ್ಬೇಕಲ್ಲ ಆಯ್ತು ಅಂತ, ನೀನಲ್ಲ" ಎಂದು ಗದರಿ, ಕೊನೆಗೆ ಅದನ್ನು ಕಸದ ಬುಟ್ಟಿಗೆಸೆದು, ಮರುದಿನ ಔಷಧದ ಅಂಗಡಿಯವನನ್ನು ಹತ್ತು ಜನರ ಮುಂದೆ ಕಳ್ಳ ಎಂದಿದ್ದ. ಅಂಗಡಿಯವನು ದುಡ್ಡು ಹಿಂದಿರುಗಿಸಿದ್ದ. ಆ ಗೆಲುವಿನ ನೆನಪು ಈಗ ಸಿಟ್ಟಿಗೆ ಇನ್ನಷ್ಟು ಬಲ ಕೊಟ್ಟಿತು. ಜಗತ್ತು ಹೀಗೇ, ಬಾಯಿ ಮಾಡಿದರೇನೇ ದಾರಿಗೆ ಬರುವುದು. ಜೇಬಿನೊಳಗೆ ಬಿಲ್ಲೆ ತೊಡೆಗೆ ಉಜ್ಜಿ ಉಜ್ಜಿ ಚುಚ್ಚುತ್ತಿತ್ತು.

ದವಾಖಾನೆಯ ಹಿಂದೆ, ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಕಂಪೌಂಡರ್ ನಾಳೆಯ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. ಇವನನ್ನು ನೋಡಿ ಅವನ ಕೈ ಒಂದು ಕ್ಷಣ ನಿಂತಿತು.

"ಏನಣ್ಣ, ಈ ಬಿಸಿಲಲ್ಲಿ. ಕೂತ್ಕೊಳ್ಳಿ, ನೀರು ತರ್ತೀನಿ."

"ನೀರೂ ಬೇಡ, ಕೂರೋದೂ ಬೇಡ. ಇದೇನು ಹೇಳು" ಎಂದು ಬಿಲ್ಲೆಯನ್ನು ಇಸ್ತ್ರಿಯಾದ ಕೋಟಿನ ಮೇಲೇ ಎಸೆದ. ಬಿಳಿಯ ಬಟ್ಟೆಯ ಮೇಲೆ ಧೂಳು ಉದುರಿತು.

ಕಂಪೌಂಡರ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ಚು ಆರಿಸಿದ. "ಸಿಕ್ತಾ" ಎಂದ.

"ಸಿಕ್ತಾ ಅಂತ ಬೇರೆ ಕೇಳ್ತೀಯಾ? ಒಂದು ಮಾತು ಅಂದೆ, ಹೌದು, ಅಂದೆ. ಅದಕ್ಕೆ ನಾನಿಲ್ಲದ ಹೊತ್ತು ನೋಡಿ ನನ್ನ ಅಂಗಡಿಗೆ ನುಗ್ಗಿ, ನನ್ನ ಆಂಪಿಗೆ ಕಂಬಳಿ ತುರುಕ್ತೀಯಾ? ನಿನಗೆ ಅಷ್ಟು ಉರಿದಿದ್ರೆ ಮುಖದ ಮೇಲೆ ಉಗೀಬೇಕಿತ್ತು. ಮೂರು ವಾರದಿಂದ ಮನೇಲಿ ಕೂತು ನಗ್ತಾ ಇದ್ದೀಯ, ಅಲ್ವಾ?"

ಕಂಪೌಂಡರ್ ಬಿಲ್ಲೆಯನ್ನು ಎತ್ತಿ, ಅದರ ಪ್ಲಾಸ್ಟರಿನ ಒಂದು ತುದಿಯನ್ನು ಹೆಬ್ಬೆರಳಿನಿಂದ ಸವರಿ, ಅವನ ಕಡೆ ಹಿಡಿದ. "ಓದಿ ಅಣ್ಣ."

"ಕನ್ನಡಕ ತಂದಿಲ್ಲ."

"ತಾರೀಖು ಅದು. ಡ್ರೆಸ್ಸಿಂಗ್ ಮಾಡಿದ್ರೆ ಪ್ಲಾಸ್ಟರ್ ಮೇಲೆ ತಾರೀಖು ಬರೀಬೇಕು, ಕೈಗೆ ಬಿದ್ದ ಅಭ್ಯಾಸ. ಇದಕ್ಕೂ ಬರೆದುಬಿಟ್ಟಿದ್ದೆ." ಅವನು ತಾನೇ ಓದಿದ. ಮೂರು ವರ್ಷ ನಾಲ್ಕು ತಿಂಗಳ ಹಿಂದಿನ ತಾರೀಖು.

ಕಿವಿಯಣ್ಣ ಮೊದಲು ನಂಬಲಿಲ್ಲ. ಬಿಲ್ಲೆಯನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅಕ್ಷರ ಕಾಣಲಿಲ್ಲ, ಆದರೆ ಪ್ಲಾಸ್ಟರಿನ ಅಂಚು ಹಳದಿಯಾಗಿ ಸುರುಟಿದ್ದು ಕಂಡಿತು, ಕಂಬಳಿಯ ಎಳೆಎಳೆಯಲ್ಲಿ ಧೂಳು ಕೂತದ್ದು ಕಂಡಿತು. ಮೂರು ವಾರದಲ್ಲಿ ಇಷ್ಟು ಧೂಳು ಕೂರುವುದಿಲ್ಲ. ಧೂಳಿನ ಲೆಕ್ಕ ಅವನಿಗೆ ಗೊತ್ತು. ಮೋಟಾರು ಎಷ್ಟು ವರ್ಷ ಓಡಿದೆ ಎಂದು ಧೂಳು ನೋಡಿಯೇ ಹೇಳುವವನು.

"ಯಾಕೆ?" ಎಂದ. ಅವನ ದನಿ ಅವನಿಗೇ ಬೇರೆಯವರದೆನಿಸಿತು.

ಕಂಪೌಂಡರ್ ಒಳಗೆ ಹೋಗಿ ಒಂದು ಥರ್ಮಾಮೀಟರ್ ತಂದ. ಮಗಳಿಗೆ ತಂದಿದ್ದನಲ್ಲ, ಅಂಥದೇ. ತನ್ನ ಬಾಯಲ್ಲಿಟ್ಟುಕೊಂಡು ಇವನ ಪಕ್ಕದಲ್ಲೇ ಕೂತ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಒರೆಸಿದ.

"ಯಾವಾಗ ಹೊಡೆಯುತ್ತೆ ಅದು?" ಎಂದ ಇವನು.

"ಹೊಡೆದಾಯ್ತು ಅಣ್ಣ."

ಒಳಗಿನ ಕೋಣೆಯಲ್ಲಿ ಕಂಪೌಂಡರನ ಹೆಂಡತಿ ಪಾತ್ರೆ ಎತ್ತಿಡುತ್ತಿದ್ದಳು. ಆ ಸದ್ದು ಕೇಳುತ್ತಿತ್ತು, ದೊಡ್ಡ ಪಾತ್ರೆಗಳದು, ದಪ್ಪ ಸದ್ದು. ಇಷ್ಟೆಲ್ಲ ಕೇಳುತ್ತದಲ್ಲ ಎಂದುಕೊಂಡ. ಮಾತು ಕೇಳುತ್ತದೆ, ಬಸ್ಸು ಕೇಳುತ್ತದೆ, ಮೋಟಾರು ಕೇಳುತ್ತದೆ. ಮೋಟಾರು ಎಂದಾಗ ಹೋದ ತಿಂಗಳು ವಾಪಸ್ಸು ಬಂದ ಪಂಪು ನೆನಪಾಯಿತು. ಬೇರಿಂಗು ಕೀಚುತ್ತದೆ ಎಂದು ತಂದವನಿಗೆ "ನಿನ್ನ ತಲೇಲಿ ಕೀಚ್ತಿದೆ, ತಗೊಂಡು ಹೋಗು" ಎಂದು ಅಟ್ಟಿದ್ದ. ಕಿವಿಗೆ ಹತ್ತಿ ಇಟ್ಟುಕೊಂಡು ಗ್ರೈಂಡರಿನ ಮುಂದೆ ಕೂರು ಎಂದು ಹೆಂಡತಿ ಇಪ್ಪತ್ತು ವರ್ಷ ಹೇಳಿದ್ದಳು. ಕಿವಿ ಮುಚ್ಚಿಕೊಂಡವನಿಗೆ ಮೋಟಾರು ಏನು ಹೇಳುತ್ತಿದೆ ಎಂದು ಹೇಗೆ ಗೊತ್ತಾಗಬೇಕು ಎಂದು ಅವನು ಇಪ್ಪತ್ತು ವರ್ಷ ನಕ್ಕಿದ್ದ. ನನಗೆ ಸೊಳ್ಳೆಯ ಕಾಟವೇ ಇಲ್ಲ, ನೀವೆಲ್ಲ ಯಾಕೆ ಒದ್ದಾಡುತ್ತೀರಿ ಎಂದು ಬೆಳಗ್ಗೆದ್ದು ಜಂಬ ಕೊಚ್ಚಿಕೊಂಡಿದ್ದ, ಮೈತುಂಬ ಕಡಿಸಿಕೊಂಡು.

"ನೀವು ಟ್ರೆಬಲ್ಲು ಒಂಬತ್ತಕ್ಕೆ ಇಡ್ತಿದ್ರಿ" ಎಂದ ಕಂಪೌಂಡರ್, ತಪ್ಪು ತನ್ನದೇ ಎನ್ನುವ ಹಾಗೆ. "ಕಿವೀಲಿ ಸೂಜಿ ಹಾಕಿದ ಹಾಗಾಗ್ತಿತ್ತು. ಮೇಷ್ಟ್ರು ಸೋಮವಾರ ಪಾಠ ಮಾಡೋಕೇ ಆಗಲ್ಲ ಅಂದ್ರು. ಬರೋದು ಬಿಡೋಣ ಅಂದ್ರೆ ಯಾರಿಗೂ ಮನಸಿಲ್ಲ. ಸ್ಪೀಕರ್ ಮುಂದೆ ಏನಾದ್ರೂ ಅಡ್ಡ ಇಟ್ರೆ ಚೂಪು ಸದ್ದು ಮಾತ್ರ ತಡೆಯುತ್ತೆ ಅಂತ ಮೇಷ್ಟ್ರೇ ಅಳತೆ ಹಾಕಿಕೊಟ್ಟರು. ಮೊಳೆ ಕಿತ್ತು ಹೊಡೆದಿದ್ದು ಡ್ರೈವರು."

"ಬಾಗಿಲು?"

"ಅಕ್ಕ ತೆಗೆದುಕೊಟ್ರು."

ಅಂದರೆ ಹೆಂಡತಿಗೂ ಗೊತ್ತು. ಡ್ರೈವರು ಆವತ್ತು ಕಂಬಳಿ ಎಂದ ಕೂಡಲೇ ಮೂಗಿನಿಂದ ಟೀ ಕಕ್ಕಿದ್ದು ಯಾಕೆಂದು ಈಗ ಹೊಳೆಯಿತು. ಕಂಬಳಿಯನ್ನು ಮುಂದಿಟ್ಟುಕೊಂಡು ಕೂತ ತಾನೇ ಕಂಬಳಿಯ ಮಾತಾಡಿದ್ದ.

"ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲೋ, ಯಾರಾದ್ರೂ."

"ಯಾರು ಹೇಳ್ಬೇಕಿತ್ತು? ನೀವೇ ಹೇಳಿ ಅಣ್ಣ. ನಮ್ಮಲ್ಲಿ ಯಾರು?"

ಯಾರು ಹೇಳಿದ್ದರೂ ಕಿವಿಯಣ್ಣ ಅವರನ್ನು ಮೆಟ್ಟಿಲಿನಿಂದ ಕೆಳಗೆ ತಳ್ಳುತ್ತಿದ್ದ.

"ಬೆರಳು?" ಎಂದು ಕೇಳಿದ. ಕೇಳಬಾರದೆಂದುಕೊಂಡೇ ಕೇಳಿದ.

ಕಂಪೌಂಡರ್ ಕೋಟಿನ ಮೇಲಿನ ಧೂಳನ್ನು ಉಗುರಿನಿಂದ ಕೊಡವತೊಡಗಿದ. "ನಿಮ್ಮ ಬೆರಳು ನೋಡ್ಕೊಂಡು ಇಳಿಸೋದು ರೂಢಿ ಆಗೋಗಿದೆ. ನಿಮ್ಮದು ಅಲುಗೋ ಮುಂಚೆ ನಮ್ಮದು, ಕೊನೇಲಿ ನಿಮ್ಮದೇ ಉಳೀಲಿ ಅಂತ. ಆವತ್ತು ನಿಮ್ಮದು ತುಂಬ ಬೇಗ ಇಳೀತು. ಅವರಿಬ್ಬರಿಗೂ ಗಡಿಬಿಡಿ ಆಯ್ತು, ಇಳಿಸಿಬಿಟ್ರು."

"ನೀನು ಇಳಿಸಲಿಲ್ಲ."

"ನನಗೆ ಕೇಳ್ತಾ ಇತ್ತಲ್ಲಣ್ಣ."

ಆಮೇಲೆ ಅವನು, ಗಿಟಾರಿನವನು ಗಿಟಾರಿನವನನ್ನು ಕೇಳುವ ದನಿಯಲ್ಲಿ, ಆ ಪೆಡಲಿನಲ್ಲಿ ನಿಜವಾಗಿ ಏನು ಬರುತ್ತದೆ ಎಂದು ಕೇಳಿದ. ಕಂಪೌಂಡರನ ಮುಖ ಮೊದಲ ಸಲ ಸಡಿಲವಾಯಿತು. "ಸ್ವರ ಇಳೀತಾ ಬರುತ್ತಲ್ಲ, ಇನ್ನೇನು ಹೋಯ್ತು ಅನ್ನೋ ಹೊತ್ತಿಗೆ ಅದರ ಮೇಲೊಂದು ಸಣ್ಣ ಎಳೆ ಏಳುತ್ತೆ. ಸ್ಟೀಲ್ ಲೋಟದ ಅಂಚಿಗೆ ಚಮಚ ತಾಗಿದ ಹಾಗೆ. ಕೆಳಗಿನದು ಪೂರ್ತಿ ಹೋದ ಮೇಲೂ ಅದೊಂದೇ ಇರುತ್ತೆ. ಎರಡು ವರ್ಷ ಹಿಡಿದಿದ್ದು ಅಷ್ಟಕ್ಕೇ." ಅವನು ಕೇಳಿಸಿಕೊಂಡ. ಸ್ಟೀಲ್ ಲೋಟಕ್ಕೆ ಚಮಚ ತಾಗುವ ಸದ್ದು ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಿನಲ್ಲಿ ಲೋಟ ಬಂತು, ಚಮಚ ಬಂತು.

"ನಾಲ್ಕು ಗಂಟೆಗೆ ತಗೊಂಡು ಬಾ" ಎಂದ ಏಳುತ್ತಾ.

"ಬೇಡ ಬಿಡಿ ಅಣ್ಣ. ನೀವು ಬಂದ್ರಲ್ಲ, ನಾವಿಬ್ಬರು ಮಾತಾಡಿಕೊಂಡ್ವಲ್ಲ, ಅಷ್ಟೇ ಸಾಕು. ಮುಂದಿನ ವಾರದಿಂದ ಸುಮ್ಮನೆ ಬರ್ತೀನಿ. ಇದನ್ನ ಮತ್ತೆ ಅಂಟಿಸಿಬಿಡೋಣ."

ಮೆಟ್ಟಿಲಿಳಿಯುವಾಗ ಆ ಮಾತು ಎಷ್ಟು ಹಿತವೆನಿಸಿತೆಂದರೆ ಅವನಿಗೆ ನಾಚಿಕೆಯಾಯಿತು. ಬಿಲ್ಲೆ ಮತ್ತೆ ಬಟ್ಟೆಯ ಹಿಂದೆ, ಅವನು ಮತ್ತೆ ಕಿವಿಯಣ್ಣ. ಕಂಪೌಂಡರ್ ಬಾಯಿ ಬಿಡುವವನಲ್ಲ, ರೋಗಿಗಳ ಗುಟ್ಟು ಕಾಯ್ದು ಅಭ್ಯಾಸವಾದವನು. ಇದಕ್ಕಿಂತ ಸುಲಭ ಇನ್ನೇನಿದೆ? ಆದರೆ ಕಂಬಳಿ ಎಂಬ ಮಾತನ್ನು ಅಂದದ್ದು ನಾಲ್ಕು ಜನರ ಮುಂದೆ. ಹೆಣ ಎತ್ತಿ ಆಯ್ತು ಎಂದದ್ದು, ಎಣ್ಣೆ ಹಚ್ಚಿ ಬಾಚಿಕೊಂಡು ಬಂದವನಿಗೆ. ಮಾಳಿಗೆಯ ಎರಡು ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ತೆಗೆದುಕೊಂಡಂತಾಯಿತೇ?

ಮನೆಗೆ ಬಂದಾಗ ಹೆಂಡತಿ ಊಟಕ್ಕಿಡುತ್ತಿದ್ದಳು. ಅವನು ಬಿಲ್ಲೆಯನ್ನು ತಟ್ಟೆಯ ಪಕ್ಕ ಇಟ್ಟ. ಅವಳು ಅದನ್ನು ನೋಡಿದಳು, ಸಾರಿನ ಸೌಟು ಕೈಯಲ್ಲೇ ಉಳಿಯಿತು.

"ನೀನೇ ಬಾಗಿಲು ತೆಗೆದೆಯಂತೆ."

"ಹೂಂ."

"ಇನ್ನೇನೇನು ಮಾಡಿದ್ದೀಯ, ನನಗೆ ಗೊತ್ತಿಲ್ಲದೆ?"

ಅವಳು ಯೋಚಿಸಿದಳು, ನಿಜವಾಗಿಯೂ ಲೆಕ್ಕ ಹಾಕುವವಳಂತೆ. "ಆ ಪಂಪಿನವನಿಗೆ ನಾನೇ ಫೋನ್ ಮಾಡಿದ್ದೆ. ಬೇರಿಂಗ್ ತಂದುಕೊಡಿ, ಇವರಿಲ್ಲದಾಗ ನಮ್ಮ ಮಗಳು ಹಾಕಿಕೊಡ್ತಾಳೆ ಅಂದೆ. ಹಾಕಿಕೊಟ್ಟಳು. ಆ ಥರ್ಮಾಮೀಟರ್ ಕಸದಿಂದ ಎತ್ತಿಟ್ಟಿದ್ದೀನಿ, ಚೆನ್ನಾಗಿದೆ." ಸ್ವಲ್ಪ ತಡೆದು, "ಅಂಗಡಿಯವನಿಗೆ ದುಡ್ಡು ಕೊಟ್ಟು ಬಂದೆ" ಎಂದಳು. ಅವನು ತಲೆ ತಗ್ಗಿಸಿ ಉಂಡ. ಇಷ್ಟು ವರ್ಷ ತಾನು ಗುಡುಗಿ ಸರಿಪಡಿಸಿದೆ ಎಂದುಕೊಂಡದ್ದನ್ನೆಲ್ಲ ಇವಳು ಹಿಂದಿನಿಂದ ಬಂದು ಸದ್ದಿಲ್ಲದೆ ಸರಿಪಡಿಸುತ್ತಿದ್ದಳು. ಸದ್ದಿದ್ದರೂ ಅದು ಅವನಿಗೆ ಕೇಳಿಸುವ ಸದ್ದಾಗಿರಲಿಲ್ಲವೇನೋ.

ಊಟವಾದ ಮೇಲೆ ಹೊಸ ಬಟ್ಟೆ ಎಳೆದು ಚೌಕಟ್ಟು ಹೊಡೆದ. ಬಿಲ್ಲೆಯನ್ನು ಒಳಗೆ ಅಂಟಿಸಲಿಲ್ಲ, ಹೊರಗೂ ಇಡಲಿಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡ.

ನಾಲ್ಕಕ್ಕೆ ಮೇಷ್ಟ್ರು ಬಂದರು, ಹಿಂದೆಯೇ ಡ್ರೈವರು, ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ. "ನೋಡಿ ಇದನ್ನ" ಎಂದು ಮೇಜಿನ ಮೇಲಿಟ್ಟ. "ನನ್ನ ತಂಗಿ ಮಗನದು. ಇದರೊಳಗೆ ಎಪ್ಪತ್ತು ಆಂಪು, ನೂರು ಪೆಡಲ್ಲು ಇದೆಯಂತೆ. ಬಟನ್ ಒತ್ತಿದ್ರೆ ಮುಗೀತು. ವಾಲ್ವು ಬೇಡ, ಬಿಸಿ ಆಗೋದು ಬೇಡ, ಕಿವಿಯಣ್ಣನೂ ಬೇಡ."

"ಎಪ್ಪತ್ತು ಜನರ ಫೋಟೋ ಇಟ್ಕೊಂಡ್ರೆ ಎಪ್ಪತ್ತು ಜನ ನೆಂಟರು ಬಂದ ಹಾಗಾಯ್ತೇನ್ರೀ?" ಎಂದರು ಮೇಷ್ಟ್ರು.

"ನೆಂಟರಿಗಿಂತ ಫೋಟೋ ವಾಸಿ ಮೇಷ್ಟ್ರೇ. ಊಟ ಕೇಳಲ್ಲ."

ಬೇರೆ ಭಾನುವಾರವಾಗಿದ್ದರೆ ಅವನು ಅಷ್ಟು ಹೊತ್ತಿಗೆ ಆ ಪೆಟ್ಟಿಗೆಯ ಜನ್ಮ ಜಾಲಾಡಿರುತ್ತಿದ್ದ. ಈಗ ಅವರ ಮುಖಗಳನ್ನು ನೋಡುತ್ತಾ ಕೂತ. ಅವರು ತನ್ನ ಬೈಗುಳಕ್ಕಾಗಿ ಕಾಯುತ್ತಿರುವುದು ಕಂಡಿತು. ಪೆಟ್ಟಿಗೆ ತಂದದ್ದೇ ಅದಕ್ಕೆ, ತನ್ನನ್ನು ರೇಗಿಸಿ ಎರಡು ಗಂಟೆ ಹಳೆಯ ಹಾಗೆ ಕಳೆಯಲಿಕ್ಕೆ. ಆಗ ಬಾಗಿಲಲ್ಲಿ ಕಂಪೌಂಡರ್ ಕಾಣಿಸಿದ. ಮನೆಯಲ್ಲಿ ಉಟ್ಟ ಬಟ್ಟೆ, ಬಾಚದ ತಲೆ, ಕೈಯಲ್ಲಿ ಕರವಸ್ತ್ರದ ಗಂಟು. ಒಳಗೆ ಬಂದು ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತ.

ಈಗ ಹೇಳಬೇಕು. ಡ್ರೈವರು ಸುಮ್ಮನಿರಲಾರದೆ "ಬಾಪ್ಪ, ಬದುಕಿದ್ದೀಯಾ" ಎಂದ. ಅಷ್ಟಕ್ಕೇ ಕಿವಿಯಣ್ಣನ ಸಿಟ್ಟು ದಾರಿ ಸಿಕ್ಕಿತೆಂಬಂತೆ ಡ್ರೈವರನ ಮೇಲೆ ನುಗ್ಗಿತು. "ನಿನಗೆ ಬಾಯಿ ಒಂದು ಕೊಟ್ಟಿದ್ದಾನೆ, ಬಸ್ಸಿನ ಹಾರನ್ನಿಗಿಂತ ಕಡೆ. ಆವತ್ತೂ ಹಲ್ಲು ಕಿಸಿದೆ..." ಎಂದು ಏರುತ್ತಿದ್ದವನು ನಡುವೆಯೇ ನಿಲ್ಲಿಸಿದ. ಇದು ತಪ್ಪಿಸಿಕೊಳ್ಳುವ ದಾರಿ ಎಂದು ಅವನಿಗೇ ಕಂಡುಬಿಟ್ಟಿತ್ತು. ಜೇಬಿಗೆ ಕೈ ಹಾಕಿ ಬಿಲ್ಲೆಯನ್ನು ತೆಗೆದು ಮೇಜಿನ ಮೇಲೆ, ಎಲ್ಲರ ನಡುವೆ, ಇಟ್ಟ.

"ಅಯ್ಯೋ" ಎಂದ ಡ್ರೈವರು, ಬಹಳ ಮೆತ್ತಗೆ. ಮೇಷ್ಟ್ರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸತೊಡಗಿದರು.

"ಮೂರು ವಾರದ ಹಿಂದೆ ಇಲ್ಲೇ ಕೂತು ಇವನ ಪೆಡಲನ್ನ ಕಂಬಳಿ ಅಂದೆ. ಎಲ್ಲರ ಮುಂದೆ ಅಂದೆ. ಅದಕ್ಕೇ ಎಲ್ಲರ ಮುಂದೆ ಹೇಳ್ತಿದ್ದೀನಿ. ಕಂಬಳಿ ಇದ್ದಿದ್ದು ನನ್ನ ಕಿವೀಲಿ. ಸಣ್ಣ ಸದ್ದು ಯಾವುದೂ ನನಗೆ ಕೇಳಲ್ಲ. ನಿಮಗೆಲ್ಲ ಗೊತ್ತಿದ್ದಿದ್ದೇ. ನನಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು." ಒಂದೇ ಉಸಿರಿಗೆ ಹೇಳಿದ, ಬಯ್ಯುವಾಗ ಹೇಳುವ ಹಾಗೇ ಗಟ್ಟಿಯಾಗಿ. ಮೆತ್ತಗೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

ಕಂಪೌಂಡರ್ ಕರವಸ್ತ್ರದ ಗಂಟನ್ನು ಬಿಚ್ಚತೊಡಗಿದ. ಪೆಡಲು ಜೋಡಿಸಿ, ಗಿಟಾರು ತೊಡೆಗೇರಿಸಿ, ಅಭ್ಯಾಸದಂತೆ ಇವನ ಕಡೆ ನೋಡಿದ. "ನೀನೇ ಇಡು" ಎಂದ ಇವನು. ಕಂಪೌಂಡರ್ ಟ್ರೆಬಲ್ಲಿನ ನಾಬನ್ನು ಹಿಡಿದು ಒಂಬತ್ತರಿಂದ ಹಿಂದಕ್ಕೆ ತಿರುಗಿಸುತ್ತಾ ಬಂದ. ಏಳು, ಆರು, ಐದು. ನಾಲ್ಕರಲ್ಲಿ ನಿಲ್ಲಿಸಿದ.

"ಇನ್ನೊಂದು ಮಾತು" ಎಂದ ಇವನು. "ಇವತ್ತು ಯಾರೂ ನನ್ನ ಬೆರಳು ನೋಡಕೂಡದು. ಎಲ್ಲರೂ ಕಣ್ಣು ಮುಚ್ಚಿ. ನಿಮಗೂ ಹೇಳ್ತಿರೋದು ಮೇಷ್ಟ್ರೇ, ಓರೆಗಣ್ಣಲ್ಲಿ ನೋಡಿದ್ರೆ ಮೇಷ್ಟ್ರು ಅಂತಲೂ ನೋಡಲ್ಲ."

ಮೂವರೂ ಕಣ್ಣು ಮುಚ್ಚಿದರು. ಡ್ರೈವರು ಮಕ್ಕಳ ಹಾಗೆ ಗಟ್ಟಿಯಾಗಿ ಮುಚ್ಚಿದ್ದ, ಹಣೆಯೆಲ್ಲ ಸುಕ್ಕು. ತಂತಿ ಮಿಡಿಯಿತು. ನಾಲ್ಕು ಬೆರಳೂ ಎದ್ದವು. ಇವನು ಮಾತ್ರ ಕಣ್ಣು ತೆರೆದುಕೊಂಡು ಕೇಳಿದ. ಸದ್ದು ದೂರದ ಕೋಣೆಯಿಂದ, ಮುಚ್ಚಿದ ಬಾಗಿಲಿನಾಚೆಯಿಂದ ಬಂದಂತೆ ಬಂತು. ಅದರ ಜೊತೆ ಹೋದ, ಹಿಡಿದುಕೊಂಡ, ಕತ್ತು ಮುಂದೆ ಚಾಚಿದ. ತಗ್ಗಿತು. ಇನ್ನೂ ತಗ್ಗಿತು. ಇದೆಯೇ ಎಂದು ಕೇಳಿಕೊಂಡ, ಇದೆ ಎಂದುಕೊಂಡ, ಇಲ್ಲ ಎಂದು ಗೊತ್ತಾಯಿತು. ಇನ್ನು ಎರಡು ಕ್ಷಣ ಹಾಗೇ ಹಿಡಿದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.

ಅವನು ಬೆರಳಿಳಿಸಿದ. "ನಂದು ಇಳೀತು" ಎಂದ.

ಯಾರೂ ಕಣ್ಣು ತೆರೆಯಲಿಲ್ಲ. ಒಂದು ಬೆರಳೂ ಇಳಿಯಲಿಲ್ಲ. ಅಂಗಡಿಯೊಳಗೆ ಅವನ ಪಾಲಿಗೆ ಏನೂ ಇರಲಿಲ್ಲ, ವಾರ್ನಿಷಿನ ವಾಸನೆ, ವಾಲ್ವುಗಳ ಕೆಂಪು, ಅಷ್ಟೇ. ಆದರೆ ಮೇಷ್ಟ್ರ ಮುಚ್ಚಿದ ರೆಪ್ಪೆಯ ಕೆಳಗೆ ಏನೋ ಸರಿದಾಡಿತು. ಡ್ರೈವರನ ಹಣೆಯ ಸುಕ್ಕು ಒಂದೊಂದಾಗಿ ಬಿಚ್ಚಿಕೊಂಡು, ಬಾಯಿ ತಾನಾಗಿ ಸ್ವಲ್ಪ ತೆರೆದುಕೊಂಡಿತು. ಒಳಬಾಗಿಲಲ್ಲಿ ಹೆಂಡತಿ ಟೀಯ ತಟ್ಟೆ ಹಿಡಿದು ಬಂದವಳು, ಒಂದು ಕಾಲು ಹೊಸ್ತಿಲ ಈಚೆ ಒಂದು ಕಾಲು ಆಚೆ ಇಟ್ಟು, ಲೋಟ ಲೋಟಕ್ಕೆ ತಾಗದಂತೆ ತಟ್ಟೆಯನ್ನು ಎದೆಗೊತ್ತಿ ನಿಂತುಬಿಟ್ಟಿದ್ದಳು. ಅವನು ಕಂಪೌಂಡರನ ಬೆರಳನ್ನು ನೋಡಿದ. ಬೆಸುಗೆಯ ಸಣ್ಣ ಸುಟ್ಟ ಕಲೆ ಇದ್ದ ಬೆರಳು, ನೆಟ್ಟಗೆ, ಒಂದಿಷ್ಟೂ ನಡುಗದೆ ನಿಂತಿತ್ತು. ಅವನು ಉಸಿರು ಹಿಡಿದುಕೊಂಡ, ತನ್ನ ಉಸಿರು ಅದಕ್ಕೆ ಅಡ್ಡ ಬಾರದಿರಲೆಂದು, ಮತ್ತು ಆ ಬೆರಳು ಇಳಿಯುವುದನ್ನು ಕಾಯುತ್ತಾ ಕೂತ.